ದೆಹಲಿ ಎಷ್ಟು ದೂರ?

‘ದೆಹಲಿ ಇನ್ನೂ ದೂರವಿದೆ’ ಎಂಬುದು ಹಳೆಯ ಮಾತು. ಹಾಗಾದರೆ ನಮ್ಮ ಬೆಂಗಳೂರಿನಿಂದ ಅದು ಎಷ್ಟು ದೂರ?

ಇದಕ್ಕೆ ಎರಡು ಉತ್ತರಗಳಿವೆ. ಕರ್ನಾಟಕ ಎಕ್ಸ್‌ಪ್ರೆಸ್ ರೈಲು ವಾಡಿಯಿಂದ ಪಶ್ಚಿಮಕ್ಕೆ ತಿರುಗಿ, ಸೊಲ್ಲಾಪುರ, ಮನಮಾಡ್ ಸುತ್ತಿ ಹೋಗುವುದರಿಂದ ಸುಮಾರು 2,400 ಕಿ.ಮೀ. ಆಗುತ್ತದೆ. ಎರಡು ರಾತ್ರಿ ರೈಲಿನಲ್ಲೇ ಕಳೆಯಬೇಕು. ವಿಮಾನಕ್ಕಾದರೆ ದೂರ 1,700 ಕಿ.ಮೀ. ಚಿಲ್ಲರೆ, ಸುಮಾರು ಎರಡೂಮುಕ್ಕಾಲು ಗಂಟೆಯ ಪ್ರಯಾಣ. ವಿಮಾನದ ದೂರವನ್ನು ಶಾಲೆಯ ಅಟ್ಲಾಸ್ ಹಿಡಿದು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು!

ಎರಡೂ ನಗರಗಳು 77 ಮತ್ತು 78ನೇ ರೇಖಾಂಶಗಳ ನಡುವೆ, ಒಂದರ ನೇರಕ್ಕೆ ಇನ್ನೊಂದು ಇವೆ. ದೇವನಹಳ್ಳಿಯ ವಿಮಾನ ನಿಲ್ದಾಣ 13.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದರೆ, ದೆಹಲಿಯದು 28.6ರಲ್ಲಿದೆ. ವ್ಯತ್ಯಾಸ 15.4 ಡಿಗ್ರಿ. ಒಂದು ಡಿಗ್ರಿಗೆ 111 ಕಿ.ಮೀ.ನಂತೆ ಗುಣಿಸಿದರೆ ಸುಮಾರು 1,709 ಕಿ.ಮೀ.

ಒಂದು ಡಿಗ್ರಿಯ ಉದ್ದವನ್ನು ನಮ್ಮ ನೆಲದ ಮೇಲೆಯೇ ಸರಪಳಿ, ಥಿಯೊಡೊಲೈಟ್‌ಗಳಿಂದ ಅಳೆದವರಿದ್ದಾರೆ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನಲ್ಲಿ ಆರಂಭಿಸಿದ ಸರ್ವೆ 78ನೇ ರೇಖಾಂಶದ ಗುಂಟ ಉತ್ತರಕ್ಕೆ ಸಾಗಿತು. 1823ರಲ್ಲಿ ಅವರು ಹಿಂಗನಘಾಟ್‌ನಲ್ಲಿ ತೀರಿಕೊಂಡರು. ಜಾರ್ಜ್ ಎವರೆಸ್ಟ್ 1841ರಲ್ಲಿ ಅದನ್ನು ಹಿಮಾಲಯದ ತಪ್ಪಲಿಗೆ ಮುಟ್ಟಿಸಿದರು.

ಇನ್ನು ಅಟ್ಲಾಸ್‌ನಲ್ಲಿ ಎರಡು ನಗರಗಳ ನಡುವೆ ಗೆರೆ ಎಳೆಯಿರಿ. ಮೊದಲು ನಂದಿಬೆಟ್ಟ, ನಂತರ ಅನಂತಪುರದ ಕೆಂಪು ನೆಲ. ರಾಯಚೂರಿನ ಪೂರ್ವಕ್ಕೆ ತುಂಗಭದ್ರೆ, ಕೃಷ್ಣೆಯರನ್ನು ದಾಟಿದರೆ ಬೀದರ್! ನಾಂದೇಡ್ ಬಳಿ ಗೋದಾವರಿ, ಸುತ್ತಲೂ ಕಪ್ಪು ಮಣ್ಣು. ಸಾತ್ಪುರದ ಕಾಡು ಮುಗಿದೊಡನೆ ನರ್ಮದೆ, ಭೋಪಾಲ್. ಮುಂದೆ ಚಂಬಲ್ ಕಣಿವೆ, ಕೊನೆಗೆ ಯಮುನೆಯ ಬಯಲು. ವಿಮಾನದ ದಾರಿ ಅಷ್ಟಿಷ್ಟು ಆಚೀಚೆ ಆಗುವುದುಂಟು. ಆದರೂ ಆಕಾಶ ತಿಳಿಯಾಗಿದ್ದು, ಕಿಟಕಿಯ ಪಕ್ಕ ಜಾಗ ಸಿಕ್ಕರೆ ಭೂಗೋಳದ ಒಂದು ಪಾಠವೇ ಕೆಳಗೆ ಹರಡಿರುತ್ತದೆ.

ಈಗ ಸಮಯದ ಲೆಕ್ಕ. ಗಂಟೆಗೆ 820 ಕಿ.ಮೀ. ವೇಗವೆಂದರೆ ಎರಡು ಗಂಟೆ ಐದು ನಿಮಿಷ ಸಾಕಲ್ಲವೇ? ಉಳಿದ ನಲವತ್ತು ನಿಮಿಷ ಎಲ್ಲಿ ಹೋಯಿತು? ವೇಳಾಪಟ್ಟಿಯ ಸಮಯ ಶುರುವಾಗುವುದು ವಿಮಾನ ನಿಂತ ಜಾಗದಿಂದ ಕದಲಿದಾಗ. ರನ್‌ವೇವರೆಗಿನ ಓಟ, ಏರುವಾಗ ಇಳಿಯುವಾಗಿನ ಕಡಿಮೆ ವೇಗ, ದೆಹಲಿಯಲ್ಲಿ ಇಳಿಯಲು ಸರದಿ ಎಲ್ಲವೂ ಅದರಲ್ಲಿ ಸೇರಿವೆ. ಪಶ್ಚಿಮದ ಗಾಳಿ ಇಲ್ಲಿ ಪಕ್ಕದಿಂದ ಬೀಸುವುದರಿಂದ ಹೋಗುವ, ಬರುವ ವೇಳೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಮುಂಬೈ–ಕಲ್ಕತ್ತಾ ಹಾಗಲ್ಲ, ಚಳಿಗಾಲದಲ್ಲಿ ಪೂರ್ವಕ್ಕೆ ಬೇಗ, ಪಶ್ಚಿಮಕ್ಕೆ ತಡ.

ಪರೀಕ್ಷೆಗೋ ಸಂದರ್ಶನಕ್ಕೋ ಮಕ್ಕಳನ್ನು ದೆಹಲಿಗೆ ಕಳಿಸುವ ತಂದೆತಾಯಿಗಳು ಎರಡೂಮುಕ್ಕಾಲು ಗಂಟೆಯನ್ನಷ್ಟೇ ನಂಬಬಾರದು. ದೇವನಹಳ್ಳಿ ತಲುಪುವುದು, ಎರಡು ಗಂಟೆ ಮುಂಚೆ ಹಾಜರಿರುವುದು, ಅಲ್ಲಿಳಿದು ಊರೊಳಗೆ ಹೋಗುವುದು ಸೇರಿದರೆ ಮನೆಯಿಂದ ಏಳೆಂಟು ಗಂಟೆಯಾದೀತು. ಡಿಸೆಂಬರ್, ಜನವರಿಯ ಮುಂಜಾನೆ ಮಂಜು ಕವಿದರೆ ಇನ್ನೂ ತಡ. ಹಿಂದಿನ ದಿನವೇ ಹೊರಡುವುದು ಕ್ಷೇಮ.

ಅಂದ ಹಾಗೆ, ಭೋಪಾಲ್ 23.3 ಡಿಗ್ರಿಯಲ್ಲಿದೆ. ದೇವನಹಳ್ಳಿಯಿಂದ ಅದು ಎಷ್ಟು ದೂರ? ಲೆಕ್ಕ ಹಾಕಿ ನೋಡಿ.