ಯಾ ಹೊತ್ತಿಗೆ ಯಾ ಪುಸ್ತಕ

ನಮ್ಮ ಓಣಿ ಹೆಣ್ಣಮಕ್ಕಳು ನನಗ ಯಾವಾಗ್ಲೂ ಒಂದು ಮಾತು ಕೇಳ್ತಾರ, ‘ನಿಮಗ ಎಂಥಾ ಪುಸ್ತಕ ಸೇರತಾವರೀ?’ ಅಂತ. ಸಾಮಾಜಿಕನೋ, ಪತ್ತೇದಾರಿನೋ, ಹಾಸ್ಯನೋ? ಎಲ್ಲಾನೂ ಅಂದ್ರ ನಗತಾರ. ಖರೇನ ಹೇಳತೇನಿ, ಇದು ಊಟಾ ಇದ್ದಂಗ ನೋಡ್ರಿ. ಜ್ವರಾ ಬಂದಾಗ ಗಂಜಿ, ಹಬ್ಬಕ್ಕ ಹೋಳಿಗಿ, ದಿನಾ ಭಕ್ಕರಿ ಪಲ್ಯ. ಜ್ವರಾ ಬಂದವರಿಗೆ ಹೋಳಿಗಿ ಬಡಿಸಿದ್ರ ಯಾರು ಉಂಡಾರು? ಪುಸ್ತಕಕ್ಕೂ ಹಂಗ ಒಂದೊಂದು ಹೊತ್ತು ಅದ.

ನಾ ಕಲತದ್ದು ಪಿಯುಸಿ ಮಟಾ. ಆಮ್ಯಾಲ ಲಗ್ನ, ಮಕ್ಕಳು, ಮನಿ. ಓದೂದೇನಿದ್ರೂ ಮಧ್ಯಾಹ್ನ ಮುಸುರಿ ತಿಕ್ಕಿ ಮುಗದ ಮ್ಯಾಲ ಸಿಗೋ ಎರಡು ತಾಸು. ಚಟಾ ಹತ್ತಿದ್ದು ಮಾತ್ರ ತವರುಮನ್ಯಾಗ. ನಮ್ಮ ಅಪ್ಪಾರು ‘ಕಸ್ತೂರಿ’ ತರಸತಿದ್ರು. ನಮ್ಮ ಹುಬ್ಬಳ್ಳಿಯಿಂದನ 1956ರಾಗ ಸುರುವಾದ ಮಾಸಿಕ ಅದು. ಅದರಾಗ ಒಂದಿಡೀ ಪುಸ್ತಕದ ಸಾರ ಕೊಡತಿದ್ರು. ಅದು ಅಪ್ಪಾರ ಓದು. ನಮ್ಮ ಅಜ್ಜಾರ ದಿಂಬಿನ ಬುಡಕ ಇರತಿದ್ದದ್ದು ಎನ್. ನರಸಿಂಹಯ್ಯನವರ ಪತ್ತೇದಾರಿ. ಸಾಲಿ ಕಲತದ್ದು ನಾಕನೇ ಇಯತ್ತೆ, ಬರದದ್ದು ಐನೂರಕ್ಕೂ ಹೆಚ್ಚು ಕಾದಂಬರಿ, ಅಂಥಾ ಮನಷ್ಯಾ ಅವರು. ಅಜ್ಜಾರು ನಿದ್ದಿ ಹೋದಾಗ ನಾ ದಿಂಬಿನ ಬುಡಕ ಕೈ ಹಾಕತಿದ್ದೆ. ದೊಡ್ಡ ದೊಡ್ಡ ವಿಮರ್ಶಕರು ಅವನ್ನ ಲೆಕ್ಕಕ್ಕ ಹಿಡೀಲಿಕ್ಕಿಲ್ಲ. ಆದ್ರ ಪುಸ್ತಕ ಕೆಳಗಿಡಬಾರದು ಅನ್ನೋ ಹಸಿವಿ ಹುಟ್ಟಿಸಿದ್ದು ಅವ. ಹಸಿವಿನ ಇಲ್ಲದಿದ್ರ ಮುಂದ ಭೈರಪ್ಪ, ಬೇಂದ್ರೆ ಬಡಿಸಿ ಏನು ಉಪಯೋಗ?

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದ್ದು ಲಗ್ನಾದ ಹೊಸದಾಗಿ. ಸಣ್ಣ ಹುಡುಗಿ ಇದ್ದಾಗನ ಗಂಡನ್ನ ಕಳಕೊಂಡಾಕಿ ಕತಿ. ನಮ್ಮ ತವರಿನಾಗ ಕೆಂಪು ಸೀರಿ ಉಟ್ಟ ಮಡಿ ಅಜ್ಜಿ ಒಬ್ಬಾಕಿ ಇದ್ಲು, ಅಪ್ಪಾರ ಸ್ವಾದರತ್ತಿ. ಒಪ್ಪತ್ತು ಉಂಡು, ಯಾರನ್ನೂ ಮುಟ್ಟದ ಮೂಲ್ಯಾಗ ಬತ್ತಿ ಹೊಸಕೋತ ಕೂಡಾಕಿ. ಪುಸ್ತಕ ಓದಿ ತವರಿಗೆ ಹೋದಾಗ ನಾ ಮೊದಲ ಸಲ ಅಕಿ ಹಂತ್ಯಾಕ ಕೂತು, ‘ಅಜ್ಜಿ, ನಿನ್ನ ಲಗ್ನದಾಗ ನಿನಗ ಎಷ್ಟು ವರ್ಷ?’ ಅಂತ ಕೇಳಿದೆ. ಅಕಿ ಭಾಳ ಹೊತ್ತು ನನ್ನ ಮಾರಿ ನೋಡಿ, ‘ಇದನ್ನ ಯಾರೂ ಕೇಳೇ ಇಲ್ಲ ನೋಡವಾ’ ಅಂದ್ಲು. ಆಮ್ಯಾಲ ಎರಡು ತಾಸು ಮಾತಾಡಿದ್ಲು. ಇಂದಿರಾ ಅವರು ಕಾದಂಬರಿ ಬರೀಲಿಕ್ಕೆ ಹತ್ತಿದ್ದು ನಲವತ್ತು ದಾಟಿದ ಮ್ಯಾಲ, ಅದೂ ಸಂಸಾರ ಮಾಡಕೋತ. ವಯಸ್ಸಾತು ಅನ್ನೋರು ಇದನ್ನ ಸ್ವಲ್ಪ ನೆನಪಿಡ್ರಿ.

ಇನ್ನ ತ್ರಿವೇಣಿಯವರ ‘ಶರಪಂಜರ’. ಇದನ್ನ ಬರೀಲಿಕ್ಕೆ ನಮ್ಮ ನಾದಿನಿನ್ನ ಕೇಳೇನಿ. ‘ಬರೀರಿ ವೈನಿ, ಯಾರಿಗರ ಉಪಯೋಗ ಆಗಲಿ’ ಅಂದಾಳ.

1996ರಾಗ ಅಕಿ ಚೊಚ್ಚಲ ಬಾಣಂತನಕ್ಕ ನಮ್ಮ ಮನಿಗೆ ಬಂದಿದ್ಲು. ಹೆಣ್ಣು ಕೂಸು. ಹದಿನೈದು ದಿನ ಆಗೂದ್ರಾಗ ಅಕಿ ನಿದ್ದಿ ಹಾರಿ ಹೋತು. ಕೂಸು ಅತ್ರ ಗ್ವಾಡಿ ಕಡೆ ಮಾರಿ ತಿರುವಿ ಕೂಡಾಕಿ. ಒಬ್ರು ದೃಷ್ಟಿ ಅಂದ್ರು, ಇನ್ನೊಬ್ರು ಗಾಳಿ ಅಂದ್ರು, ನಿಂಬಿಹಣ್ಣು ಇಳಿಸಿದ್ರು. ಕಡೀಕೆ ನಮ್ಮ ಮನಿಯವರು ಹಟಾ ಹಿಡದು ಮನೋರೋಗದ ಡಾಕ್ಟರ ಕಡೆ ಕರಕೊಂಡು ಹೋದ್ರು. ಒಂದೂವರಿ ತಿಂಗಳಿಗೆ ಅಕಿ ಆರಾಮಾಗಿ ಮನಿಗೆ ಬಂದ್ಲು.

ಬಂದ ಮ್ಯಾಲ ಏನಾತು ಕೇಳ್ರಿ. ಅಕಿ ನಕ್ರ ಎಲ್ಲಾರೂ ಸುಮ್ಮನಾಗೂದು. ಸುಮ್ಮನ ಕೂತ್ರ ‘ಯಾಕ, ಮತ್ತೇನಾತು?’ ಅನ್ನೂದು. ಈಳಿಗಿ, ಚಾಕು ಎಲ್ಲಾ ನಾಗೊಂದಗಿ ಏರಿದ್ವು. ಕೂಸನ್ನ ಎತ್ತಿಕೊಳ್ಳೂದಿದ್ರ ಅತ್ತಿಯವರು ಎದುರಿಗೆ ಕೂತಿರಬೇಕು. ಡಾಕ್ಟರು ನಾಕು ಮಾತು ಹೇಳಿ ಕಳಿಸಿದ್ರು: ಗುಳಿಗಿ ತಪ್ಪಿಸಬ್ಯಾಡ್ರಿ, ನಿದ್ದಿ ಕೆಡಸಬ್ಯಾಡ್ರಿ, ಕೂಸನ್ನ ಅಕಿ ಕೈಯಾಗ ಕೊಡ್ರಿ, ಸಣ್ಣಪುಟ್ಟ ಕೆಲಸಾ ಹಚ್ಚರಿ. ಮೊದಲಿನ ಎರಡು ನಡದಿದ್ವು. ಉಳದ ಎರಡಕ್ಕ ಯಾರಿಗೂ ಧೈರ್ಯ ಇರಲಿಲ್ಲ.

‘ಶರಪಂಜರ’ ನಾ ಪಿಯುಸಿ ಇದ್ದಾಗನ ಓದಿದ್ದೆ. ಕಲ್ಪನಾ ಮಾಡಿದ ಸಿನಿಮಾ ನೀವೆಲ್ಲಾ ನೋಡಿರತೀರಿ. ಕಾವೇರಿಗೆ ಹುಚ್ಚು ಬಿಟ್ಟದ, ಆಸ್ಪತ್ರಿಯಿಂದ ಮನಿಗೆ ಬಂದಾಳ. ಆದ್ರ ಗಂಡ, ಮಂದಿ ಯಾರೂ ನಂಬಂಗಿಲ್ಲ. ಎಲ್ಲಾರ ಕಣ್ಣೂ ಅಕಿ ಮ್ಯಾಲ. ಕಡೀಕೆ ಅಕಿ ಮತ್ತ ಆಸ್ಪತ್ರಿಗೇ ಹೋಗೋಹಂಗ ಆಗತದ. ತ್ರಿವೇಣಿಯವರು ಮನಶ್ಶಾಸ್ತ್ರ ಓದಿದ್ದವರು. 1963ರಾಗ, 35 ವರ್ಷ ತುಂಬೂದ್ರೊಳಗ ತೀರಿಕೊಂಡ್ರು. ಅಷ್ಟು ಸಣ್ಣ ವಯಸ್ಸಿನ್ಯಾಗ ಎಂಥಾ ಮಾತು ಬರದಿಟ್ಟು ಹೋದ್ರು!

ನಮ್ಮ ಅತ್ತಿಯವರಿಗೆ ಓದಲಿಕ್ಕೆ ಬರತಿದ್ದಿಲ್ಲ. ಸೊಸಿ ಆದಾಕಿ ನಾ ಅವರಿಗೆ ಉಪದೇಶ ಮಾಡೋಹಂಗೂ ಇರಲಿಲ್ಲ. ‘ಅತ್ತ್ಯಾ, ಒಂದು ಕತಿ ಓದತೇನಿ, ಅಕ್ಕಿ ಆರಸಕೋತ ಕೇಳ್ರಿ’ ಅಂದೆ. ನಾದಿನಿ ಒಳಗ ಮಲಗಿದ ಹೊತ್ತಿನ್ಯಾಗ ಪಡಸಾಲ್ಯಾಗ ಕೂತು ಎಂಟು ಹತ್ತು ದಿನ ಓದಿದೆ. ಕೇಳಕೋತ ಕೇಳಕೋತ ಅವರ ಕೈಯಾಗಿನ ಮರಾ ನಿಂತುಬಿಡತಿತ್ತು. ಕತಿ ಮುಗದ ದಿನ ಒಂದು ಮಾತೂ ಆಡಲಿಲ್ಲ. ಮರುದಿನ ಮುಂಜಾನಿ ಕೂಸಿಗೆ ಎರದು, ಹೊಗಿ ಹಾಕಿ, ತಂದು ಮಗಳ ಉಡ್ಯಾಗ ಹಾಕಿದ್ರು. ‘ನಿನ್ನ ಕೂಸು ನೀ ನೋಡಕೋ, ನಾ ಗುಡಿಗೆ ಹೋಗಿ ಬರತೇನಿ’ ಅಂತ ಚಪ್ಪಲಿ ಮೆಟ್ಟಿ ಹೊಂಟೇಬಿಟ್ರು. ಕೂಸು ಮಲಗಿದ ಮ್ಯಾಲ ನಾ ಈಳಿಗಿ ಇಳಿಸಿ, ‘ಮೆಂತೆಪಲ್ಯ ಹೆಚ್ಚಿಕೊಡವಾ’ ಅಂದೆ. ಅಕಿ ಕಣ್ಣಾಗ ನೀರು. ಪಲ್ಯ ಮಾತ್ರ ಸಣ್ಣಗ, ಛಂದಂಗ ಹೆಚ್ಚಿದ್ಲು.

ಅಕಿನ್ನ ಗುಣಾ ಮಾಡಿದ್ದು ಡಾಕ್ಟರ ಗುಳಿಗಿ. ಉಳದ ನಮ್ಮೆಲ್ಲಾರನ್ನ ಗುಣಾ ಮಾಡಿದ್ದು ಆ ಪುಸ್ತಕ.

ಹಂಗಂತ ಎಲ್ಲಾ ಹೊತ್ತಿಗೂ ಕಾದಂಬರಿ ನಡಿಯಂಗಿಲ್ಲ. ನಮ್ಮ ಮನಿಯವರ ಹಾರ್ಟ್ ಆಪರೇಷನ್ ಇದ್ದಾಗ ಹೊರಗ ಬಾಕಿನ ಮ್ಯಾಲ ಐದು ತಾಸು ಕೂತಿದ್ದೆ. ದೊಡ್ಡ ಪುಸ್ತಕ ತಗದ್ರ ಅಕ್ಷರನ ಕಾಣವಲ್ವು. ಚೀಲದಾಗ ಬೀಚಿಯವರದು ಒಂದಿತ್ತು. ಅದನ್ನ ಎಲ್ಲಿ ತಗದ್ರೂ ಎರಡು ಸಾಲು ಓದಿ ನಗಬಹುದು, ಮುಂದಿನ ಹಾಳಿ ಮರತ್ರೂ ನಡೀತದ. ಬಾಜೂಕ ಕೂತಾಕಿ, ‘ಇಂಥಾದ್ರಾಗ ನಗತೀರಲ್ರೀ’ ಅಂದ್ಲು. ಅಕಿಗೂ ಒಂದು ಓದಿ ಹೇಳಿದೆ. ಅಕೀನೂ ನಕ್ಲು.

ಭೈರಪ್ಪನವರ ‘ಗೃಹಭಂಗ’ ನಾ ಓದಿದ್ದು 2020ರಾಗ, ಲಾಕ್‌ಡೌನಿನ್ಯಾಗ. ಮಕ್ಕಳು ಇಬ್ಬರೂ ಬ್ಯಾರೆ ಊರಾಗ. ‘ಪ್ಲೇಗಿನ ಕತಿ ಈಗ್ಯಾಕ ಓದತೀರಿ?’ ಅಂತ ನೆಗೆಣ್ಣಿ ಫೋನಿನ್ಯಾಗ ಬೈದ್ಲು. ಆದ್ರ ನಂಜಮ್ಮನ್ನ ನೋಡ್ರಿ. ಕೆಲಸಕ್ಕ ಬಾರದ ಗಂಡನ್ನ ಕಟಗೊಂಡು, ಶಾನಭೋಗಿಕಿ ಲೆಕ್ಕಾ ತಾನ ಬರದು, ಮುತ್ತಲ ಎಲಿ ಹಚ್ಚಿ ಮನಿ ನಡಸತಾಳ. ಪ್ಲೇಗಿನ್ಯಾಗ ಬೆಳದ ಮಕ್ಕಳು ಹೋದ್ರೂ ಉಳದವನ ಸಲುವಾಗಿ ಮತ್ತ ಒಲಿ ಹಚ್ಚತಾಳ. ಅಕಿನ್ನ ನೋಡಿದ ಮ್ಯಾಲ ನನ್ನ ಹೆದರಿಕಿ ಸಣ್ಣದಾತು. ಆ ಪುಸ್ತಕ ಮುಗಿಸಿ ‘ಕರ್ವಾಲೊ’ ಹಿಡದೆ. ಬಾಗಲಾ ಹಾಕಿದ ಮನ್ಯಾಗ ಕೂತು ತೇಜಸ್ವಿಯವರ ಜೋಡಿ ಹಾರೋ ಓತಿ ಹುಡಕಿಕೋತ ಮಲೆನಾಡಿನ ಅಡವಿ ಎಲ್ಲಾ ತಿರುಗಿ ಬಂದೆ, ಮಾಸ್ಕ್ ಇಲ್ಲದ!

ಶ್ರೀನಿವಾಸ ವೈದ್ಯರ ‘ಹಳ್ಳ ಬಂತು ಹಳ್ಳ’ವನ್ನೂ ಅತ್ತಿಯವರಿಗೆ ಓದಿ ಹೇಳಿದ್ದೆ. ನವಲಗುಂದದ ಕಡೆ ಕತಿ, ನಮ್ಮ ಮನಿ ಮಾತು. ಅತ್ತಿಯವರು ನಡುವ ನಿಂದರಿಸಿ, ‘ಅಯ್ಯ, ಇದು ನಮ್ಮಂಗ ಮಾತಾಡತದಲ್ಲ! ಹಿಂಗ ಬರೀಲಿಕ್ಕೆ ಬಿಡತಾರೇನು?’ ಅಂದ್ರು. ಬಿಡತಾರ ಅತ್ತ್ಯಾ, 2008ರಾಗ ಅದಕ್ಕ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿನೂ ಕೊಟ್ರು. ನಾ ಇದನ್ನ ನಮ್ಮ ಮಾತಿನ್ಯಾಗ ಬರೀಲಿಕ್ಕೆ ಆ ಧೈರ್ಯನ ಕಾರಣ.

ಪುಸ್ತಕ ಬೇಕಾದವರು ಬರ್ರಿ, ಕಪಾಟಿಗೆ ಕೀಲಿ ಇಲ್ಲ. ಅರಿಷಿಣದ ಕೈ ತೊಳಕೊಂಡು ಮುಟ್ಟರಿ, ಹಾಳಿ ಮಡಚಬ್ಯಾಡ್ರಿ, ಅಷ್ಟ. ಆದ್ರ ‘ಶರಪಂಜರ’ ಸದ್ಯಕ್ಕ ಸಿಗಂಗಿಲ್ಲ. ಉಡ್ಯಾಗ ಹಾಕಿಸಿಕೊಂಡ ಆ ಕೂಸು ಈಗ ಪುಣೆದಾಗ ನೌಕರಿ ಮಾಡತಾಳ, ಹೋದ ತಿಂಗಳ ಬಾಣಂತಿ ಆಗ್ಯಾಳ. ನಮ್ಮ ನಾದಿನಿ ಅಂಟಿನ ಉಂಡಿ ಡಬ್ಬಿ ಕಟ್ಟಿಕೊಂಡು ಹೊಂಟಾಗ ಈ ಪುಸ್ತಕಾನೂ ಕೇಳಿ ಇಸಗೊಂಡ್ಲು. ‘ಬಾಣಂತಿಗೆ ಇಂಥಾದ್ದ್ಯಾಕವಾ?’ ಅಂದೆ. ‘ಅಕಿಗಲ್ಲ ವೈನಿ, ಅಳಿಯಗ. ಅವಗ ಕನ್ನಡಾ ಓದಲಿಕ್ಕೆ ಬರಂಗಿಲ್ಲ, ತಿಳೀತದ. ನಾ ಓದಿ ಹೇಳತೇನಿ’ ಅಂದ್ಲು.