ಚಪ್ಪಲಿ ಹೊರಗೆ

ಈ ಪ್ರೋಗ್ರಾಂ ತೆಗೆದುಹಾಕಲು ನಿಮಗೆ ಸಾಕಷ್ಟು ಅಧಿಕಾರವಿಲ್ಲ, ದಯವಿಟ್ಟು ನಿಮ್ಮ ಸಿಸ್ಟಂ ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ ಎಂದು ಮೊನ್ನೆ ನಮ್ಮ ಮನೆಯ ಕಂಪ್ಯೂಟರ್ ನನಗೆ ಇಂಗ್ಲಿಷಿನಲ್ಲಿ, ಬಹಳ ವಿನಯದಿಂದ ತಿಳಿಸಿತು. ಕೆಳಗೆ ಓಕೆ ಎಂಬ ಒಂದೇ ಗುಂಡಿ. ಓಕೆ ಅಲ್ಲ ಅನ್ನುವವರಿಗೆ ಏನೂ ಏರ್ಪಾಡಿರಲಿಲ್ಲ.

ತೆಗೆಯಬೇಕಾಗಿದ್ದದ್ದು ಅಂಥ ಘನಂದಾರಿ ವಸ್ತುವೇನಲ್ಲ. ನೆಂಟರ ಹುಡುಗನೊಬ್ಬ ನಮ್ಮ ಜಮೀನಿನ ಕಾಗದಗಳನ್ನೆಲ್ಲ ಸೇರಿಸಿ ಪಿಡಿಎಫ್ ಮಾಡಿಕೊಡಲು ಯಾವುದೋ ಉಚಿತ ತಂತ್ರಾಂಶ ಹಾಕಿದ್ದ. ಪಿಡಿಎಫ್ ಆಯಿತು, ಹುಡುಗ ಊಟ ಮಾಡಿಕೊಂಡು ಹೋದ. ತಂತ್ರಾಂಶದ ಜೊತೆ ಕರೆಯದೆ ಬಂದ ಇನ್ನೊಂದು ಮಾತ್ರ ಇಲ್ಲೇ ಉಳಿಯಿತು. ಕಂಪ್ಯೂಟರಿನ ವೇಗ ಹೆಚ್ಚಿಸುವುದು ಅದರ ಕಸುಬಂತೆ. ಬೆಳಗ್ಗೆ ಯಂತ್ರ ಚಾಲೂ ಮಾಡಿದ ಕೂಡಲೇ ಬಲಮೂಲೆಯಲ್ಲಿ ಕೆಂಪಗೆ ಎದ್ದು, ಇಂತಿಷ್ಟು ನೂರು ದೋಷಗಳಿವೆ ಎಂದು ಸಾರುತ್ತದೆ. ದೋಷ ಹೇಳುವುದು ಪುಕ್ಕಟೆ, ಪರಿಹಾರಕ್ಕೆ ಮಾತ್ರ ದಕ್ಷಿಣೆ.

ಸರಿ, ಸಂಪರ್ಕಿಸೋಣ ಅಂದರೆ ಈ ಅಡ್ಮಿನಿಸ್ಟ್ರೇಟರ್ ಯಾರು? ನಮ್ಮ ಮನೆಯಲ್ಲಿ ಗ್ಯಾಸ್ ಬುಕಿಂಗಿನಿಂದ ಹಿಡಿದು ಕರೆಂಟ್ ಬಿಲ್ಲಿನವರೆಗೆ ಎಲ್ಲ ಪಾಸ್‌ವರ್ಡುಗಳೂ ಹೆಂಡತಿಯ ವಶ. ಅವಳನ್ನು ಸಂಪರ್ಕಿಸಿದೆ. "ಅದು ನಿಮ್ಮ ಹೆಸರಲ್ಲೇ ಇದೆಯಲ್ರೀ" ಅಂದಳು. ಹೋಗಿ ನೋಡಿದರೆ ನಿಜ. ಖಾತೆಗಳ ಪುಟದಲ್ಲಿ ನನ್ನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಅಡ್ಮಿನಿಸ್ಟ್ರೇಟರ್' ಎಂದಿತ್ತು. ನಿವೃತ್ತಿಯಾಗುವವರೆಗೆ ಕಾದರೂ ಸಿಗದ ಬಡ್ತಿ ಮನೆಯಲ್ಲಿ ಯಾರಿಗೂ ಗೊತ್ತಾಗದೆ ಸಿಕ್ಕಿಬಿಟ್ಟಿತ್ತು. ಆದರೆ ಅಧಿಕಾರ ಸಾಲದು!

ಕಂಪ್ಯೂಟರು, ಅಪ್ಪಣೆ, ಇವೆರಡೂ ಜೊತೆಗೆ ಬಂದರೆ ನನಗೆ ನೆನಪಾಗುವುದು ಚಪ್ಪಲಿ.

ತೊಂಬತ್ತರ ದಶಕದ ಶುರುವಿನಲ್ಲಿ ನಮ್ಮ ಕಡೆ ಕಾಲೇಜು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಂಪ್ಯೂಟರ್ ಲ್ಯಾಬಿನ ಬಾಗಿಲಿಗೆ ಪಾದರಕ್ಷೆಗಳನ್ನು ಹೊರಗೆ ಬಿಡಿ ಎಂಬ ಫಲಕ. ಇಡೀ ಕಾಲೇಜಿಗೆ ಏಸಿ ಇದ್ದ ಕೋಣೆ ಅದೊಂದೇ. ಪ್ರಿನ್ಸಿಪಾಲರ ನೆತ್ತಿಯ ಮೇಲೂ ಕಟಕಟ ಸದ್ದಿನ ಫ್ಯಾನೇ ತಿರುಗುತ್ತಿತ್ತು. ನಮ್ಮದು ಕೆಂಪು ಮಣ್ಣಿನ ಊರು. ಆ ಧೂಳು ಒಂದು ಚಿಟಿಕೆ ಒಳಗೆ ಹೋದರೂ ಫ್ಲಾಪಿ ಡ್ರೈವಿನ ಕಥೆ ಮುಗಿಯಿತು ಎಂದು ಲ್ಯಾಬ್ ಅಟೆಂಡರು ನಂಬಿದ್ದರು. ಅದರಲ್ಲಿ ಅರ್ಧದಷ್ಟು ಸತ್ಯವೂ ಇತ್ತೆನ್ನಿ. ಬಾಗಿಲಲ್ಲೇ ಅವರ ಮೇಜು, ಮೇಜಿನ ಮೇಲೆ ರಿಜಿಸ್ಟರು. ಒಳಗೆ ಹೋದ ವೇಳೆ, ಹೊರಗೆ ಬಂದ ವೇಳೆ, ಸಹಿ. ಹೊರಗಿನ ಫ್ಲಾಪಿ ಒಳಗೆ ಬರಕೂಡದು, ವೈರಸ್ ಬರುತ್ತದೆ. ವೈರಸ್ಸಿನ ಕುಲಗೋತ್ರ ಅವರಿಗೆ ಎಷ್ಟರಮಟ್ಟಿಗೆ ಗೊತ್ತಿತ್ತೋ ಕಾಣೆ, ನೆಗಡಿಯಾಗಿದ್ದ ನಮ್ಮ ಸಹಪಾಠಿಯೊಬ್ಬನನ್ನು ಒಮ್ಮೆ ಹೊರಗೇ ನಿಲ್ಲಿಸಿದ್ದರು.

ಬರಿಗಾಲಲ್ಲಿ, ತಣ್ಣಗಿನ ನೆಲದ ಮೇಲೆ ತುದಿಬೆರಳೂರಿ, ಉಸಿರು ಬಿಗಿಹಿಡಿದು ಒಳಗೆ ಹೋದರೆ, ಅಲ್ಲಿ ಕೂತಿದ್ದದ್ದು ಡಾಸ್. ಅದರಷ್ಟು ಅಮಾಯಕವಾದ ತಂತ್ರಾಂಶವನ್ನು ನಾನು ಆಮೇಲೆ ಕಂಡಿಲ್ಲ. ನೀನು ಯಾರು ಅಂತ ಅದು ಯಾರನ್ನೂ ಕೇಳಿದ್ದಿಲ್ಲ. ಅದಕ್ಕೆ ಪ್ರಿನ್ಸಿಪಾಲರೂ ಒಂದೇ, ಪಿಯುಸಿ ಫೇಲಾಗಿ ಕಿಟಕಿಯಿಂದ ಇಣುಕಿದವನೂ ಒಂದೇ. ಡೆಲ್ ಎಂದು ಬರೆದು, ಚುಕ್ಕೆಯ ಆಚೆಗೊಂದು ಈಚೆಗೊಂದು ನಕ್ಷತ್ರ ಹಾಕಿ ಎಂಟರ್ ಒತ್ತಿದರೆ, ಇಲ್ಲಿರುವ ಕಡತಗಳೆಲ್ಲ ಅಳಿಸಿಹೋಗುತ್ತವೆ, ಖಂಡಿತವೇ ಎಂದು ಕೇಳುತ್ತಿತ್ತು. ವೈ ಅಂದರೆ ಹೋಯಿತು. ಆ ಒಂದು ಅಕ್ಷರವನ್ನು ಒತ್ತಲು ಯಾವ ಹುದ್ದೆಯೂ ಬೇಕಿರಲಿಲ್ಲ. ಇಷ್ಟೆಲ್ಲ ಅಪಾಯ ಒಳಗಿಟ್ಟುಕೊಂಡು ನಮ್ಮ ಅಟೆಂಡರು ಚಪ್ಪಲಿ ಕಾಯುತ್ತಿದ್ದರು. ಕಾಯುತ್ತಿದ್ದರು ಅನ್ನುವುದೂ ತಪ್ಪು, ಬಿಡಿಸುತ್ತಿದ್ದರು ಅಷ್ಟೆ. ಆಗ ಹುಡುಗರೆಲ್ಲರ ಕಾಲಲ್ಲೂ ಅದೇ ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ಲ್ಯಾಬ್ ಮುಗಿಸಿ ಹೊರಬಂದಾಗ ಮೊದಲು ಹೋದವನಿಗೆ ಸಿಕ್ಕಿದ ಜೋಡಿಯೇ ಜೋಡಿ. ನನ್ನ ಪಾಲಿಗೆ ಒಮ್ಮೆ ಒಂದು ಅಳತೆ ಚಿಕ್ಕದು ಉಳಿದಿತ್ತು. ದೂರು ಕೊಟ್ಟೆ. ಅಟೆಂಡರು ರಿಜಿಸ್ಟರಿನಿಂದ ತಲೆ ಎತ್ತದೆ, "ಒಳಗಿಂದಕ್ಕೆ ನಾನು ಜವಾಬ್ದಾರಿ, ಹೊರಗಿಂದಕ್ಕಲ್ಲ" ಅಂದರು. ಆ ಸೆಮಿಸ್ಟರ್ ಪೂರ್ತಿ ನನ್ನ ಹಿಮ್ಮಡಿ ನೆಲದ ಮೇಲೇ ನಡೆಯಿತು.

ಡಾಸ್ ಹೀಗೆ ಬಾಗಿಲಿಲ್ಲದ ಮನೆಯಾದದ್ದಕ್ಕೆ ಕಾರಣವಿದೆ. 1981ರಲ್ಲಿ ಐಬಿಎಂ ಪಿಸಿ ಬಂದಾಗ ಪಿಸಿ ಎಂದರೆ ಒಬ್ಬನ ಸ್ವಂತ ಯಂತ್ರ. ಒಬ್ಬನೇ ಇರುವಲ್ಲಿ ಅಪ್ಪಣೆ ಯಾರು ಯಾರಿಗೆ ಕೊಡುವುದು? ಹದಿನಾಲ್ಕು ವರ್ಷದ ಮೇಲೆ ಬಂದ ವಿಂಡೋಸ್ 95 ಹೆಸರು, ಪಾಸ್‌ವರ್ಡು ಎರಡನ್ನೂ ಗಂಭೀರವಾಗಿ ಕೇಳಿತು ನಿಜ. ಉತ್ತರ ಗೊತ್ತಿಲ್ಲದವರು ಎಸ್ಕೇಪ್ ಕೀಲಿ ಒತ್ತಿದರೆ, ಸರಿ ಬನ್ನಿ ಎಂದು ಒಳಗೆ ಕರೆದುಕೊಳ್ಳುತ್ತಿತ್ತು. ಅಷ್ಟು ದಾಕ್ಷಿಣ್ಯದ ಕಾವಲುಗಾರ ಈಗೆಲ್ಲಿ ಸಿಗಬೇಕು.

ತಮಾಷೆಯೆಂದರೆ ಕಾವಲಿನ ವಿದ್ಯೆ ಹೊಸದಾಗಿರಲಿಲ್ಲ. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು ಒಂದೇ ದೊಡ್ಡ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ಸಿಟಿಎಸ್ಎಸ್ ಎಂಬ ವ್ಯವಸ್ಥೆಯನ್ನು 1961ರಲ್ಲೇ ಮಾಡಿ ತೋರಿಸಿದ್ದರು. ಹಂಚಿಕೊಂಡ ಮೇಲೆ ನಿನ್ನದು ನನ್ನದು ಬಂತು. ಒಬ್ಬೊಬ್ಬರ ಕಡತ ಒಬ್ಬೊಬ್ಬರಿಗೆ, ಅದಕ್ಕೊಂದು ಪಾಸ್‌ವರ್ಡು. ಯಂತ್ರದ ಹೊತ್ತಿಗೂ ರೇಷನ್. ಆಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ಸಿಗುತ್ತಿದ್ದದ್ದು ವಾರಕ್ಕೆ ನಾಲ್ಕು ತಾಸು. ಅವನ ಕೆಲಸಕ್ಕೆ ಅದು ಯಾವ ಮೂಲೆಗೂ ಸಾಲದು. ರಂಧ್ರ ಕೊರೆದ ಒಂದು ಕಾರ್ಡು ಸಲ್ಲಿಸಿದರೆ ಬೇಕಾದ ಕಡತವನ್ನು ಮುದ್ರಿಸಿ ಇಡುವ ಪದ್ಧತಿ ಅಲ್ಲಿತ್ತು. 1962ರ ಒಂದು ಶುಕ್ರವಾರ ರಾತ್ರಿ ಅವನು ಪಾಸ್‌ವರ್ಡುಗಳ ಕಡತವನ್ನೇ ಮುದ್ರಿಸಿಕೊಡಿ ಎಂದು ಕಾರ್ಡು ಹಾಕಿ ಹೋದ. ಶನಿವಾರ ಬೆಳಗ್ಗೆ ಹೋದರೆ, ಮುದ್ರಣವಾದ ಕಾಗದಗಳನ್ನಿಡುವ ಜಾಗದಲ್ಲಿ ಅಚ್ಚುಕಟ್ಟಾಗಿ ಇಟ್ಟಿದ್ದರು. ಆಮೇಲೆ ಅವನಿಗೆ ಹೊತ್ತಿನ ಬರ ಬರಲಿಲ್ಲ. ಪಟ್ಟಿಯನ್ನು ಗೆಳೆಯರಿಗೂ ಹಂಚಿದ. ಅವರಲ್ಲೊಬ್ಬರಾದ ಲಿಕ್ಲೈಡರ್, ಲ್ಯಾಬಿನ ನಿರ್ದೇಶಕ ರಾಬರ್ಟ್ ಫಾನೊ ಅವರ ಖಾತೆಗೇ ನುಗ್ಗಿ ಕೀಟಲೆಯ ಸಂದೇಶಗಳನ್ನು ಬಿಟ್ಟುಬಂದರು. ಇದನ್ನೆಲ್ಲ ಶೆರ್ ಬಾಯಿಬಿಟ್ಟಿದ್ದು ಇಪ್ಪತ್ತೈದು ವರ್ಷಗಳ ಮೇಲೆ.

ಆದರೂ ಶೆರ್ ಹೊರಗಿನಿಂದ ಕನ್ನ ಹಾಕಿದವನು. ನನಗೆ ಹೆಚ್ಚು ಪ್ರಿಯವಾದ ಪ್ರಸಂಗ ಅದೇ ಸಿಟಿಎಸ್ಎಸ್‌ನಲ್ಲಿ ಅರವತ್ತರ ದಶಕದ ನಡುವಿನಲ್ಲಿ ನಡೆದದ್ದು. ಅಲ್ಲಿ ಎಡವಿದವರು ಅಧಿಕಾರಿಗಳೇ. ವ್ಯವಸ್ಥೆಯ ಮುಖ್ಯ ಕಡತಗಳಿದ್ದ ಜಾಗದಲ್ಲಿ ಒಂದು ಹೊತ್ತಿಗೆ ಒಬ್ಬನೇ ಕೂತು ತಿದ್ದುತ್ತಾನೆ ಎಂದು ತಿದ್ದುವ ತಂತ್ರಾಂಶ ನಂಬಿತ್ತು. ಅದಕ್ಕೇ ತಿದ್ದುಪಡಿಯ ತಾತ್ಕಾಲಿಕ ಪ್ರತಿಗೆ ಯಾವಾಗಲೂ ಒಂದೇ ಹೆಸರು ಇಡುತ್ತಿತ್ತು. ಒಂದು ದಿನ ಅಲ್ಲಿ ಇಬ್ಬರು ಕೂತರು. ಒಬ್ಬರು ತಿದ್ದುತ್ತಿದ್ದದ್ದು ಬಳಕೆದಾರರಿಗೆ ಲಾಗಿನ್ ಆದ ಕೂಡಲೇ ಕಾಣುವ ದಿನದ ಸಂದೇಶವನ್ನು. ಇನ್ನೊಬ್ಬರು ಪಾಸ್‌ವರ್ಡು ಪಟ್ಟಿಯನ್ನು. ನಮ್ಮ ಲ್ಯಾಬಿನ ಬಾಗಿಲಲ್ಲಿ ಹವಾಯಿ ಚಪ್ಪಲಿ ಅದಲುಬದಲಾದ ಹಾಗೆ ಎರಡೂ ಅದಲುಬದಲಾದವು. ಅನಂತರ ಲಾಗಿನ್ ಆದವರಿಗೆಲ್ಲ ಶುಭಾಶಯದ ಜಾಗದಲ್ಲಿ ಇಡೀ ಸಂಸ್ಥೆಯ ಪಾಸ್‌ವರ್ಡುಗಳ ದರ್ಶನವಾಯಿತು. ಕೊರ್ಬಾಟೊ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿ ಈ ಕಥೆಯನ್ನು ತಾವೇ ಹೇಳಿಕೊಂಡಿದ್ದಾರೆ. ಗಣಕಲೋಕದ ಅತಿ ದೊಡ್ಡ ಪ್ರಶಸ್ತಿಯ ವೇದಿಕೆಯಲ್ಲಿ ನಿಂತು ಮನೆಯ ಹುಳುಕನ್ನು ನಗುನಗುತ್ತ ಹೇಳಬಲ್ಲ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ; ಪಾಸ್‌ವರ್ಡು ಎಂಬ ಪೀಡೆಯನ್ನು ಗಣಕಕ್ಕೆ ತಂದವರು ಅವರೇ ಆದರೂ.

ಯೂನಿಕ್ಸ್ ಕಡೆಯವರ ಅಧಿಕಾರದ ಠೀವಿಯೇ ಬೇರೆ. ಅಲ್ಲಿ ರೂಟ್ ಎಂಬ ಸರ್ವಾಧಿಕಾರಿ, ಅವನ ಸಂಖ್ಯೆ ಸೊನ್ನೆ. ಆ ಅಧಿಕಾರವನ್ನು ಒಂದೊಂದೇ ಆಜ್ಞೆಯ ಮಟ್ಟಿಗೆ ಕಡ ಕೊಡುವ ಸೂಡೂ ಎಂಬ ಪುಟ್ಟ ತಂತ್ರಾಂಶವನ್ನು 1980ರ ಸುಮಾರಿಗೆ ಬಫಲೋದ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗ್‌ಶಾಲ್, ಕ್ಲಿಫ್ ಸ್ಪೆನ್ಸರ್ ಎಂಬಿಬ್ಬರು ಬರೆದರು. ಮೊದಲ ಸಲ ಬಳಸುವವರಿಗೆ ಅದು ಪರರ ಗುಟ್ಟು ಕಾಪಾಡು, ಯೋಚಿಸಿ ಬೆರಳಾಡಿಸು ಎಂದು ಬುದ್ಧಿ ಹೇಳುತ್ತದೆ. ಬೇಕೆಂದರೆ, ತಪ್ಪು ಪಾಸ್‌ವರ್ಡು ಹೊಡೆದವರನ್ನು ಬೈಯುವ ಸೌಕರ್ಯವೂ ಉಂಟು. ಪಟ್ಟಿಯಲ್ಲಿ ಹೆಸರಿಲ್ಲದವನು ಪ್ರಯತ್ನಿಸಿದರೆ, ಈ ಘಟನೆಯನ್ನು ವರದಿ ಮಾಡಲಾಗುವುದು ಎಂದು ಹೆದರಿಸುವುದು ಅದರ ಹಳೆಯ ವಾಡಿಕೆ. ವರದಿ ಹೋಗುವುದು ರೂಟ್‌ನ ಅಂಚೆಪೆಟ್ಟಿಗೆಗೆ. ಮನೆಯ ಯಂತ್ರದಲ್ಲಿ ಆ ರೂಟ್ ಯಾರೆಂದು ಬೇರೆ ಹೇಳಬೇಕೆ?

ವಿಂಡೋಸ್ ಲೋಕದಲ್ಲೂ 1993ರಲ್ಲಿ ಬಂದ ಎನ್‌ಟಿಗೆ ಈ ಶಿಸ್ತೆಲ್ಲ ಗೊತ್ತಿತ್ತು. ಅದು ಕಚೇರಿಗಳ ಪಾಲಾಯಿತು, 95ರ ಸಂತತಿ ಮನೆಗಳ ಪಾಲಾಯಿತು. 2001ರಲ್ಲಿ ಎಕ್ಸ್‌ಪಿ ಬಂದು ಎರಡನ್ನೂ ಕೂಡಿಸಿತಾದರೂ, ಮನೆಯವರಿಗೆ ಕಿರುಕುಳ ಬೇಡವೆಂದು ಎಲ್ಲರನ್ನೂ ಅಡ್ಮಿನಿಸ್ಟ್ರೇಟರ್ ಮಾಡಿ ಕೂರಿಸಿತು. ಅಷ್ಟರಲ್ಲಿ ಮನೆಮನೆಗೂ ಇಂಟರ್ನೆಟ್ ಬಂದಿತ್ತು. ಒಬ್ಬನದೆಂದು ಮಾಡಿದ ಯಂತ್ರದೊಳಗೆ ಊರೆಲ್ಲ ಓಡಾಡತೊಡಗಿತು, ಅದೂ ಚಪ್ಪಲಿ ಹಾಕಿಕೊಂಡೇ. 2007ರ ಜನವರಿಯಲ್ಲಿ ಜನರ ಕೈಗೆ ಬಂದ ವಿಸ್ಟಾ ಇದಕ್ಕೆ ಕಂಡುಕೊಂಡ ಮದ್ದು, ಹೆಜ್ಜೆಹೆಜ್ಜೆಗೂ ಪರದೆಯನ್ನು ಮಬ್ಬಾಗಿಸಿ ಅಪ್ಪಣೆ ಕೇಳುವುದು. ಜನ ರೋಸಿಹೋದರು. ಆಪಲ್ ಕಂಪನಿ ಅದನ್ನು ಅಣಕಿಸಿ ಜಾಹೀರಾತೇ ಮಾಡಿತು. ಮರುವರ್ಷ ಸ್ಯಾನ್‌ಫ್ರಾನ್ಸಿಸ್ಕೊದ ಭದ್ರತಾ ಸಮ್ಮೇಳನದಲ್ಲಿ ಮೈಕ್ರೋಸಾಫ್ಟಿನ ಡೇವಿಡ್ ಕ್ರಾಸ್, ಇದನ್ನು ಹಾಕಿದ್ದೇ ಬಳಕೆದಾರರಿಗೆ ಕಿರಿಕಿರಿಯಾಗಲಿ ಎಂದು, ತಮಾಷೆಯ ಮಾತಲ್ಲ ಎಂದರು. ಅವರ ಲೆಕ್ಕಾಚಾರ ಹೀಗೆ: ಕಾರಣವಿಲ್ಲದೆ ಪೂರ್ಣಾಧಿಕಾರ ಬೇಡುವ ತಂತ್ರಾಂಶಗಳೇ ಆಗ ಹೆಚ್ಚು. ಕಿರಿಕಿರಿಯಾದ ಬಳಕೆದಾರ ತಂತ್ರಾಂಶ ಬರೆದವನನ್ನು ಬೈಯುತ್ತಾನೆ, ಬೈಸಿಕೊಂಡವನು ಬರವಣಿಗೆ ತಿದ್ದಿಕೊಳ್ಳುತ್ತಾನೆ. ಲೆಕ್ಕ ಸರಿಯಾಗಿಯೇ ಇದೆ. ನಡುವೆ ಸಿಕ್ಕಿಕೊಂಡವನ ಅಭಿಪ್ರಾಯ ಕೇಳುವ ರೂಢಿ ಯಾವ ಸುಧಾರಣೆಯಲ್ಲೂ ಇಲ್ಲವಲ್ಲ.

ನನ್ನ ಬಡ್ತಿಯ ಗುಟ್ಟೂ ಅಲ್ಲೇ ಇದೆ. ವಿಸ್ಟಾದಿಂದೀಚೆಗೆ ಅಡ್ಮಿನಿಸ್ಟ್ರೇಟರ್ ಲಾಗಿನ್ ಆದಾಗ ವಿಂಡೋಸ್ ಅವನ ಹೆಸರಿಗೆ ಎರಡು ಟೋಕನ್ ತಯಾರಿಸುತ್ತದೆ. ಒಂದರಲ್ಲಿ ಪೂರ್ತಿ ಅಧಿಕಾರ, ಇನ್ನೊಂದರಲ್ಲಿ ಸಾಮಾನ್ಯನ ಅಧಿಕಾರ. ದಿನನಿತ್ಯದ ಓಡಾಟವೆಲ್ಲ ಎರಡನೆಯದರಲ್ಲಿ. ಮೊದಲನೆಯದು ಬೇಕೆಂದರೆ ಪ್ರತಿ ಸಲವೂ ಕೇಳಿ ಪಡೆಯಬೇಕು. ಇಷ್ಟಾದರೂ ಪೂರ್ತಿ ಅಧಿಕಾರವೆಂದರೆ ಪೂರ್ತಿ ಅಲ್ಲ. ವ್ಯವಸ್ಥೆಯ ಎಷ್ಟೋ ಕಡತಗಳ ಒಡೆತನ ಇರುವುದು ಟ್ರಸ್ಟೆಡ್‌ಇನ್‌ಸ್ಟಾಲರ್ ಎಂಬಾತನ ಹೆಸರಲ್ಲಿ. ಅದು ಮನುಷ್ಯನಲ್ಲ, ಲಾಗಿನ್ ಆಗುವುದಿಲ್ಲ, ರಜೆ ಹಾಕುವುದಿಲ್ಲ. ಕಂಪ್ಯೂಟರಿನ ರಸೀದಿ ಮಾತ್ರ ನನ್ನ ಬೀರುವಿನಲ್ಲಿದೆ.

ಈ ವೇಗವರ್ಧಕ ಮಹಾಶಯ ಒಳಗೆ ಬಂದ ದಾರಿಯೂ ಆಮೇಲೆ ತಿಳಿಯಿತು. ನೆಂಟರ ಹುಡುಗ ಪಿಡಿಎಫ್ ತಂತ್ರಾಂಶ ಹಾಕುವಾಗ ಯಂತ್ರ ಅಪ್ಪಣೆ ಕೇಳಿದೆ, ಅವನು ಯಸ್ ಅಂದಿದ್ದಾನೆ. ಅಪ್ಪಣೆ ಪಡೆದ ಇನ್‌ಸ್ಟಾಲರ್ ತಾನು ಎಬ್ಬಿಸಿದ ಮರಿಗಳಿಗೂ ಅದೇ ಅಧಿಕಾರವನ್ನು ದಾಟಿಸುತ್ತದೆ. ಒಂದು ಸಹಿ, ಇಬ್ಬರ ಪ್ರವೇಶ. ನಮ್ಮ ಅಟೆಂಡರ ರಿಜಿಸ್ಟರಿನಲ್ಲಿ ಈ ಆಟ ನಡೆಯುತ್ತಿರಲಿಲ್ಲ, ತಲೆಗೊಂದು ಸಹಿ ಬೀಳಲೇಬೇಕಿತ್ತು. ಒಳಗೆ ಬಂದದ್ದೇ ಅದು ಹಿನ್ನೆಲೆಯಲ್ಲಿ ಒಂದು ಸೇವೆಯನ್ನು ಸ್ಥಾಪಿಸಿಕೊಂಡು, ಸಿಸ್ಟಂ ಎಂಬ ಖಾತೆಯ ಕೆಳಗೆ ಸೇರಿಕೊಂಡಿದೆ. ಆ ಖಾತೆಯ ಕೈ ನನ್ನಂಥ ಅಡ್ಮಿನಿಸ್ಟ್ರೇಟರನ ಕೈಗಿಂತ ಉದ್ದ. ಕರೆಯದೆ ಬಂದವನು ನನಗಿಂತ ಮೇಲಿನ ಹುದ್ದೆಯಲ್ಲಿ, ಮನೆಯ ಯಜಮಾನ ಎರಡನೇ ಟೋಕನ್ನಿನಲ್ಲಿ!

ಕೊನೆಗೆ ಆ ಸೇವೆಯನ್ನು ಮೊದಲು ನಿಲ್ಲಿಸಿ, ಕಪ್ಪು ಪರದೆಯ ಕಮಾಂಡ್ ಕಿಟಕಿಯನ್ನು ಬಲಗುಂಡಿ ಒತ್ತಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಎಂದು ತೆರೆದೆ. ಪರದೆ ಮಬ್ಬಾಯಿತು. ಬದಲಾವಣೆ ಮಾಡಲು ಬಿಡಲೇ ಎಂದು ಕೇಳಿತು. ಯಸ್. ಆ ಕಿಟಕಿಯೊಳಗಿನಿಂದ ವೇಗವರ್ಧಕದ ಅನ್‌ಇನ್‌ಸ್ಟಾಲರನ್ನು ಎಬ್ಬಿಸಿದೆ. ನಿಮಗೆ ಖಂಡಿತವೇ ಎಂದು ಅದು ಬೇರೆ ಕೇಳಿತು. ಯಸ್. ಹಸಿರು ಪಟ್ಟಿ ತೆವಳಿತು, ಎಲ್ಲ ಮುಗಿಯಿತು ಅನ್ನುವಷ್ಟರಲ್ಲಿ ಬ್ರೌಸರ್ ತಾನಾಗಿ ತೆರೆದುಕೊಂಡು ಪ್ರಶ್ನಾವಳಿಯೊಂದನ್ನು ಮುಂದಿಟ್ಟಿತು. ನಮ್ಮನ್ನು ತೊರೆಯುತ್ತಿರುವುದು ನೋಡಿ ದುಃಖವಾಗಿದೆಯಂತೆ. ಕಾರಣ ತಿಳಿಸಬೇಕಂತೆ: ಬೆಲೆ ಹೆಚ್ಚಾಯಿತೆ, ಬಳಸಲು ಕಷ್ಟವಾಯಿತೆ, ಬೇರೆ ಇದಕ್ಕಿಂತ ಒಳ್ಳೆಯದು ಸಿಕ್ಕಿತೆ, ಇತರೆ. ನಾನು ನಿಮ್ಮನ್ನು ಕರೆದೇ ಇರಲಿಲ್ಲ ಎಂಬ ಆಯ್ಕೆ ಹುಡುಕಿದೆ, ಕಾಣಲಿಲ್ಲ. ಇತರೆ ಎಂಬಲ್ಲಿ ಗುರುತು ಹಾಕಿ ಕೆಳಗಿನ ಚೌಕವನ್ನು ಖಾಲಿ ಬಿಟ್ಟು ಕಳಿಸಿದೆ. ಶೆರ್ ಬಾಯಿಬಿಡಲು ಇಪ್ಪತ್ತೈದು ವರ್ಷ ತೆಗೆದುಕೊಂಡ. ಇವರೂ ಒಂದಷ್ಟು ಕಾಯಲಿ.