ಬೆಂಕಿ ಆರಿಸುವವರಿಗೆ ಲೆಫ್ಟ್ ರೈಟ್ ಯಾಕೆ?

ಜನವರಿ 26 ಮತ್ತು ಆಗಸ್ಟ್ 15ರ ವರದಿ ಹೇಗಿರುತ್ತದೆ ಎಂಬುದು ಜಿಲ್ಲಾ ಕೇಂದ್ರದ ಸ್ಟ್ರಿಂಗರ್‌ಗಳಿಗೆಲ್ಲ ಬಾಯಿಪಾಠ. ಉಸ್ತುವಾರಿ ಸಚಿವರ ಭಾಷಣದ ಪ್ರತಿ ಮೊದಲೇ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿರುತ್ತದೆ. ಧ್ವಜಾರೋಹಣ, ತೆರೆದ ಜೀಪಿನಲ್ಲಿ ಪರೇಡ್ ವೀಕ್ಷಣೆ, ಶಾಲಾ ಮಕ್ಕಳ ನೃತ್ಯ, ಸಾಧಕರಿಗೆ ಸನ್ಮಾನ. ಇಷ್ಟರ ನಡುವೆ ಪಥಸಂಚಲನಕ್ಕೆ ಸಿಗುವುದು ಒಂದೇ ವಾಕ್ಯ: ಪೊಲೀಸ್, ಗೃಹರಕ್ಷಕ ದಳ, ಅಗ್ನಿಶಾಮಕ ದಳ, ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್ ತುಕಡಿಗಳು ಆಕರ್ಷಕ ಪಥಸಂಚಲನ ನಡೆಸಿದವು. ಆ 'ಆಕರ್ಷಕ' ಎಂಬ ಪದ ಯಾವ ವರ್ಷವೂ ತಪ್ಪುವುದಿಲ್ಲ.

ಆ ವಾಕ್ಯದ ಮೂರನೆಯ ಹೆಸರಿನ ಬಗ್ಗೆ ನನಗೆ ಕುತೂಹಲ ಹುಟ್ಟಿಸಿದ್ದು ಗ್ಯಾಲರಿಯಲ್ಲಿ ಪಕ್ಕದಲ್ಲಿ ಕೂತಿದ್ದ ಒಬ್ಬ ಹಿರಿಯರು. ಮೊಮ್ಮಗಳ ಡ್ಯಾನ್ಸ್ ನೋಡಲು ಹಳ್ಳಿಯಿಂದ ಬಂದಿದ್ದರು. ಅಗ್ನಿಶಾಮಕ ತುಕಡಿ ವೇದಿಕೆ ದಾಟುತ್ತಿದ್ದಂತೆ, "ಇವ್ರಿಗ್ಯಾಕಪ್ಪ ಲೆಫ್ಟು ರೈಟು? ಬೆಂಕಿ ಬಿದ್ದಾಗ ಬಿರ್ರನೆ ಬಂದ್ರೆ ಸಾಕಲ್ವಾ?" ಅಂದರು. ಕಳೆದ ಬೇಸಿಗೆಯಲ್ಲಿ ಅವರ ಎರಡು ಹುಲ್ಲಿನ ಬಣವೆ ಸುಟ್ಟುಹೋಗಿದ್ದವಂತೆ. ಗಾಡಿ ಬರುವಷ್ಟರಲ್ಲಿ ಬೂದಿ ಮಾತ್ರ ಉಳಿದಿತ್ತಂತೆ.

ನ್ಯಾಯವಾದ ಪ್ರಶ್ನೆ. ಪೊಲೀಸರ ಕವಾಯತು ನಮಗೆ ಅರ್ಥವಾಗುತ್ತದೆ, ಅವರ ಕೈಯಲ್ಲಿ ಬಂದೂಕಿದೆ. ಎನ್‌ಸಿಸಿ ಮಕ್ಕಳಿಗೆ ಅದು ಪಾಠದ ಭಾಗ. ಪೈಪು, ಏಣಿ, ಹಗ್ಗ ಹಿಡಿಯುವ ಜನ ಹತ್ತು ದಿನ ಮುಂಚಿನಿಂದ ಮೈದಾನಕ್ಕೆ ಬಂದು ಹೆಜ್ಜೆ ಕೂಡಿಸಿ, ತೀರ್ಪುಗಾರರ ಮುಂದೆ ನಡೆದು, ಬಹುಮಾನಕ್ಕೆ ಸ್ಪರ್ಧಿಸುವುದೇಕೆ? ಈ ಪ್ರಶ್ನೆ ಹಿಡಿದುಕೊಂಡು ನಾನು ನಮ್ಮ ಠಾಣೆಗೆ ಹೋಗಿ ಬರತೊಡಗಿ ಎರಡು ವರ್ಷವಾಯಿತು.

ಮೊದಲು ಸಿಕ್ಕ ಉತ್ತರ ಬಹಳ ಚಿಕ್ಕದು. "ಆದೇಶ ಬರುತ್ತೆ ಸಾರ್, ಹೋಗ್ತೀವಿ." ಕರ್ನಾಟಕದಲ್ಲಿ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ ಗೃಹ ಇಲಾಖೆಯ ಅಡಿಯಲ್ಲಿದೆ. ಮೇಲಿನ ಹುದ್ದೆಯಲ್ಲಿ ಐಪಿಎಸ್ ಅಧಿಕಾರಿ ಇರುತ್ತಾರೆ. 1964ರ ಅಗ್ನಿಶಾಮಕ ದಳ ಕಾಯ್ದೆಯಡಿ ರೂಪುಗೊಂಡ ಇದು ಸಮವಸ್ತ್ರದ ಪಡೆ. ಸೇರಿದವರು ತರಬೇತಿಯಲ್ಲಿ ಕವಾಯತು ಕಲಿಯುತ್ತಾರೆ, ತರಬೇತಿ ಮುಗಿಯುವುದೂ ನಿರ್ಗಮನ ಪಥಸಂಚಲನದಿಂದಲೇ. ಹಾಗಾಗಿ ಜಿಲ್ಲಾಡಳಿತ ಪರೇಡ್ ಪಟ್ಟಿ ಮಾಡುವಾಗ ಇವರ ಹೆಸರು ತಾನಾಗಿಯೇ ಸೇರುತ್ತದೆ.

ಆದರೆ ಆದೇಶ ಬಂತು ಅಂತ ಹೋಗುವವರು ರಾತ್ರಿ ಹನ್ನೊಂದಕ್ಕೆ ಕೂತು ಬೆಲ್ಟಿನ ಹಿತ್ತಾಳೆ ಬಕಲ್‌ಗೆ ಬ್ರಾಸೋ ಹಾಕಿ ತಿಕ್ಕುವುದಿಲ್ಲ. ಅದನ್ನು ನಾನು ನೋಡಿದ್ದೇನೆ. ಇಪ್ಪತ್ತೆರಡು ವರ್ಷ ಸರ್ವಿಸ್ ಆಗಿರುವ ಒಬ್ಬ ಪ್ರಮುಖ ಅಗ್ನಿಶಾಮಕರು ಹೊಸ ಹುಡುಗರ ಬೂಟಿನ ತುದಿ ನೋಡಿ, "ಇದ್ರಲ್ಲಿ ನನ್ ಮುಖ ಕಾಣ್ತಿಲ್ವಲ್ಲೋ" ಅಂತ ವಾಪಸ್ ಕಳಿಸುತ್ತಿದ್ದರು.

ಅವರೇ ನನಗೆ ಎರಡನೆಯ ಉತ್ತರ ಕೊಟ್ಟಿದ್ದು. "ಬಂದೂಕು ಇದ್ರೆ ಒಂದು ಕೈ ಅದ್ರ ಮೇಲಿರುತ್ತೆ, ಅರ್ಧ ತಪ್ಪು ಮುಚ್ಚೋಗುತ್ತೆ. ನಮ್ದು ಬರಿಗೈ. ಎರಡೂ ತೋಳು ಬೀಸ್ಬೇಕು. ಒಬ್ಬನ ಕೈ ನಾಲ್ಕು ಬೆರಳು ಕೆಳಗಿದ್ರೂ ಕಡೇ ಸಾಲಿನಲ್ಲಿ ಕೂತೋರಿಗೂ ಕಾಣುತ್ತೆ." ತೀರ್ಪುಗಾರರು ನೋಡುವುದೂ ಅದನ್ನೇ. ಸಮವಸ್ತ್ರದ ಅಚ್ಚುಕಟ್ಟು, ಸಾಲಿನ ನೇರ, ಹೆಜ್ಜೆಯ ಹೊಂದಾಣಿಕೆ, ತೋಳಿನ ಎತ್ತರ, ವೇದಿಕೆಯ ಮುಂದೆ ಎಲ್ಲರ ಕತ್ತು ಒಂದೇ ಕ್ಷಣಕ್ಕೆ ಬಲಕ್ಕೆ ತಿರುಗುವುದು, ಕಮಾಂಡರ್‌ನ ದನಿ. ಬರಿಗೈಯಲ್ಲಿ ಇಷ್ಟನ್ನೂ ಮಾಡಿ ಸಶಸ್ತ್ರ ಪೊಲೀಸರ ಪಕ್ಕದಲ್ಲಿ ನಿಂತು ಸೈ ಅನ್ನಿಸಿಕೊಳ್ಳುವುದು ಅವರಿಗೆ ಹಠದ ವಿಷಯ.

ಆಮೇಲೆ ಅವರು ನನ್ನನ್ನು ಠಾಣೆಯ ಹಿಂದಿನ ಅಂಗಳಕ್ಕೆ ಕರೆದೊಯ್ದು ಇನ್ನೊಂದು ಡ್ರಿಲ್ ತೋರಿಸಿದರು. ಜಲವಾಹನದ ಹಿಂದೆ ಸಿಬ್ಬಂದಿ ಸಾಲಾಗಿ ನಿಂತು ಒಂದು, ಎರಡು, ಮೂರು ಎಂದು ನಂಬರ್ ಹೇಳುತ್ತಾರೆ. ನಂಬರ್ ಹೇಳಿದ ಮೇಲೆ ಹೆಸರಿಲ್ಲ. ಆದೇಶ ಬಿದ್ದ ಕೂಡಲೇ ಒಬ್ಬ ಹದಿನೈದು ಮೀಟರಿನ ಪೈಪಿನ ಸುರುಳಿ ಬಿಚ್ಚುತ್ತಾ ಓಡುತ್ತಾನೆ, ಇನ್ನೊಬ್ಬ ಅದರ ತುದಿಗೆ ಮುಂದಿನ ಪೈಪು ಜೋಡಿಸುತ್ತಾನೆ, ಮತ್ತೊಬ್ಬ ನೀರು ಚಿಮ್ಮುವ ಬ್ರಾಂಚ್ ಹಿಡಿದು ಕಾಲೂರಿ ನಿಲ್ಲುತ್ತಾನೆ, ಪಂಪಿನ ಬಳಿ ಇರುವವನು ಸನ್ನೆಗಾಗಿ ಕಾಯುತ್ತಾನೆ. ಸನ್ನೆಗೆ ಮೊದಲೇ ನೀರು ಬಿಟ್ಟರೆ ಪೈಪು ಹಾವಿನಂತೆ ಎದ್ದು ಬಡಿಯುತ್ತದೆ.

ಅದರ ಬೆಲೆ ನನಗೆ ಗೊತ್ತಾಗಿದ್ದು ಒಂದು ರಾತ್ರಿ ತೆಂಗಿನ ನಾರಿನ ಕಾರ್ಖಾನೆಗೆ ಬೆಂಕಿ ಬಿದ್ದಾಗ. ಫೋಟೊಗೆಂದು ಹೋಗಿದ್ದೆ. ಪಂಪಿನ ಸದ್ದು, ಊರ ಜನರ ಕೂಗು, ಕಣ್ಣು ಬಿಡಲಾಗದ ಹೊಗೆ. ಆ ಗದ್ದಲದಲ್ಲಿ ಬಾಯಿ ಮುಚ್ಚಿಕೊಂಡು ಕೆಲಸ ಮಾಡುತ್ತಿದ್ದವರು ಅವರು ಮಾತ್ರ. ಯಾರೂ ಯಾರನ್ನೂ 'ಪೈಪ್ ತಗೊಂಡ್ ಬಾರೋ' ಅಂತ ಕೂಗಲಿಲ್ಲ. ನಾರಿನ ರಾಶಿ ಮೇಲೆ ಆರಿದಂತೆ ಕಂಡರೂ ಒಳಗೆ ಕೆಂಡ ಇಟ್ಟುಕೊಂಡಿರುತ್ತದೆ. ಅದನ್ನು ಕೆದಕಿ, ನೀರು ಹೊಡೆದು, ಮತ್ತೆ ಕೆದಕಿ ಬೆಳಗಿನವರೆಗೆ ನಿಂತರು. ಮೈದಾನದಲ್ಲಿ ತೋಳು ಎತ್ತುವುದಕ್ಕೂ ಹೊಗೆಯಲ್ಲಿ ಪೈಪು ಜೋಡಿಸುವುದಕ್ಕೂ ನೇರ ಸಂಬಂಧವಿಲ್ಲ ಎಂದು ನೀವು ಹೇಳಬಹುದು. ಕಣ್ಣು ಕಾಣದಿದ್ದಾಗಲೂ ಪಕ್ಕದವನು ಎಲ್ಲಿದ್ದಾನೆ ಎಂದು ಮೈಗೆ ಗೊತ್ತಿರಬೇಕು, ಒಬ್ಬರ ಆದೇಶಕ್ಕೆ ಎಲ್ಲರೂ ಒಟ್ಟಿಗೆ ಚಲಿಸಬೇಕು. ಎರಡೂ ಡ್ರಿಲ್ ಕಲಿಸುವುದು ಇದನ್ನೇ ಎನ್ನುವುದು ಅವರ ವಾದ.

ಈ ವಾದಕ್ಕೆ ಇನ್ನೂರು ವರ್ಷದ ಇತಿಹಾಸವಿದೆ. 1824ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರ ತನ್ನದೇ ಅಗ್ನಿಶಾಮಕ ದಳ ಕಟ್ಟಿದಾಗ ಅದರ ಮುಖ್ಯಸ್ಥನಾದವನು ಜೇಮ್ಸ್ ಬ್ರೇಡ್‌ವುಡ್, ಇಪ್ಪತ್ತರ ಹರೆಯದವನು. ಬಡಗಿಗಳು, ಗಾರೆ ಕೆಲಸದವರು, ಛಾವಣಿ ಹೊದಿಸುವವರನ್ನು ಆರಿಸಿಕೊಂಡು, ಕತ್ತಲಲ್ಲಿ ಕೆಲಸ ಮಾಡುವುದು ರೂಢಿಯಾಗಲೆಂದು ಬೆಳಕು ಹರಿಯುವ ಮುನ್ನವೇ ಡ್ರಿಲ್ ಮಾಡಿಸುತ್ತಿದ್ದ. 1833ರಲ್ಲಿ ಲಂಡನ್ನಿನ ದಳಕ್ಕೆ ಮುಖ್ಯಸ್ಥನಾಗಿ ಹೋದ. 1861ರಲ್ಲಿ ಟೂಲಿ ಸ್ಟ್ರೀಟಿನ ಗೋದಾಮುಗಳಿಗೆ ಬೆಂಕಿ ಬಿದ್ದಾಗ ಗೋಡೆ ಕುಸಿದು ಅಲ್ಲೇ ಸತ್ತ. ಅವನ ನಂತರ ಬಂದ ಮ್ಯಾಸಿ ಶಾ ನಾವಿಕರನ್ನು ಹುಡುಕಿ ಸೇರಿಸಿಕೊಳ್ಳುತ್ತಿದ್ದ. ಆದೇಶ ಪಾಲಿಸುವುದೂ ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ದುಡಿಯುವುದೂ ಅವರಿಗೆ ಮೊದಲೇ ಅಭ್ಯಾಸವಾಗಿತ್ತು. ಬ್ರಿಟಿಷರ ಕಾಲದಲ್ಲಿ ನಮ್ಮ ದೊಡ್ಡ ನಗರಗಳಿಗೆ ಬಂದ ಅಗ್ನಿಶಾಮಕ ಪದ್ಧತಿ ಈ ಜಾಡಿನದೇ.

ಮೆರವಣಿಗೆಯ ಜಾಡು ಬೇರೆ, ಅದು ಅಮೆರಿಕದಲ್ಲಿ ಚೆನ್ನಾಗಿ ಕಾಣುತ್ತದೆ. ಅಲ್ಲಿನ ಊರುಗಳಲ್ಲಿ ಬೆಂಕಿ ಆರಿಸುತ್ತಿದ್ದವರು ಸಂಬಳವಿಲ್ಲದ ಸ್ವಯಂಸೇವಕರು. ನ್ಯೂಯಾರ್ಕ್ ನಗರಕ್ಕೆ ಸಂಬಳದ ದಳ ಬಂದಿದ್ದು 1865ರಲ್ಲಿ, ಫಿಲಡೆಲ್ಫಿಯಾಕ್ಕೆ 1871ರಲ್ಲಿ. ಅದಕ್ಕೂ ಮೊದಲು ಒಂದೊಂದು ಬಡಾವಣೆಯ ತಂಡವೂ ಬಣ್ಣದ ಚಿತ್ರ ಬರೆದ ಟೋಪಿ ತೊಟ್ಟು, ತಳತಳ ಹೊಳೆಯುವ ಪಂಪು ಎಳೆದುಕೊಂಡು ಮೆರವಣಿಗೆ ಹೊರಡುತ್ತಿತ್ತು. ಪೈಪು ಕೊಳ್ಳಲು ಊರಿನ ಚಂದಾ ಬೇಕು, ತಂಡಕ್ಕೆ ಊರಿನ ಹುಡುಗರು ಬೇಕು. ಕಣ್ಣಿಗೆ ಬೀಳದಿದ್ದರೆ ಎರಡೂ ಬರುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಸಣ್ಣ ಊರುಗಳಲ್ಲಿ ಇಂದಿಗೂ ಸ್ವಯಂಸೇವಕ ದಳಗಳು ಬಹುಮಾನಕ್ಕಾಗಿ ಪರೇಡ್ ಮಾಡುತ್ತವೆ.

ನಮ್ಮವರಿಗೆ ಸರ್ಕಾರದ ಸಂಬಳವಿದೆ, ಚಂದಾ ಬೇಕಿಲ್ಲ. ಆದರೆ ಕಣ್ಣಿಗೆ ಬೀಳುವ ಅಗತ್ಯ ಇವರಿಗೂ ಇದೆ ಎಂಬುದು ನನಗೆ ನಿಧಾನವಾಗಿ ಗೊತ್ತಾಯಿತು. ಜನ ಇವರನ್ನು ನೋಡುವುದು ತಮ್ಮ ಬದುಕಿನ ಅತ್ಯಂತ ಕೆಟ್ಟ ಗಳಿಗೆಯಲ್ಲಿ. ಮನೆ ಉರಿಯುತ್ತಿರುವಾಗ, ಕೆರೆಯಿಂದ ಮಗನ ದೇಹ ತೆಗೆಯುವಾಗ, ಹಸು ಪಾಳುಬಾವಿಗೆ ಬಿದ್ದಾಗ. ಆ ಹೊತ್ತಿನಲ್ಲಿ ಯಾರ ಮುಖ ಯಾರಿಗೆ ನೆನಪಿರುತ್ತದೆ? ನೆನಪಿರುವುದು ಗಾಡಿ ತಡವಾಗಿದ್ದು ಮಾತ್ರ. ಸಾಮಾನ್ಯ ಜಲವಾಹನದಲ್ಲಿ ಇರುವುದು ಸುಮಾರು 4,500 ಲೀಟರ್ ನೀರು. ಪೂರ್ತಿ ರಭಸದಲ್ಲಿ ಬಿಟ್ಟರೆ ಕೆಲವೇ ನಿಮಿಷಕ್ಕೆ ಖಾಲಿ. ತುಂಬಿಸಿಕೊಂಡು ಬರಲು ಗಾಡಿ ತಿರುಗಿಸಿದರೆ, "ಓಡೋಗ್ತಾವ್ರೆ ನೋಡ್ರೋ" ಎಂದು ಅಡ್ಡಗಟ್ಟಿದ ಊರುಗಳಿವೆ. ಕಲ್ಲು ತೂರಿದ್ದೂ ಇದೆ. ನಮ್ಮ ಠಾಣೆಯ ಚಾಲಕರೊಬ್ಬರು ಹುಬ್ಬಿನ ಮೇಲಿನ ಗಾಯದ ಗುರುತು ತೋರಿಸಿ, "ಇದು ಬೆಂಕಿದಲ್ಲ ಸಾರ್, ಜನರದು" ಅಂದಿದ್ದರು. "ವರ್ಷಕ್ಕೆ ಎರಡು ಸಲ ಅದೇ ಜನ ಚಪ್ಪಾಳೆ ತಟ್ತಾರೆ. ನನ್ ಮಗಳು ಗ್ಯಾಲರೀಲಿ ಕೂತ್ಕೊಂಡು ನಮ್ಮಪ್ಪ ಅಂತ ತೋರಿಸ್ತಾಳೆ. ಅಷ್ಟಕ್ಕೇ ಹೋಗೋದು."

ಅವರದೇ ಆದ ದಿನವೊಂದಿದೆ, ಏಪ್ರಿಲ್ 14. 1944ರಲ್ಲಿ ಅದೇ ದಿನ ಬಾಂಬೆಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕಿನ್ ಎಂಬ ಹಡಗಿಗೆ ಬೆಂಕಿ ಬಿತ್ತು. ಒಂದೇ ಹಡಗಿನಲ್ಲಿ ಹತ್ತಿಯ ಬೇಲ್‌ಗಳೂ ಇದ್ದವು, ಸಾವಿರ ಟನ್ನಿಗೂ ಹೆಚ್ಚಿನ ಸ್ಫೋಟಕವೂ ಇತ್ತು. ಬೆಂಕಿ ಆರಿಸಲು ಹಡಗು ಹತ್ತಿದವರ ಕಾಲಡಿಯಲ್ಲೇ ಅದು ಸಿಡಿಯಿತು. ನೂರಾರು ಜನ ಸತ್ತರು, ಅವರಲ್ಲಿ 66 ಮಂದಿ ಅಗ್ನಿಶಾಮಕರು. ಆ ನೆನಪಿಗೆ ದೇಶದ ಎಲ್ಲ ಠಾಣೆಗಳಲ್ಲಿ ಅಂದು ಸಾಲಾಗಿ ನಿಂತು ಮೌನ ಆಚರಿಸುತ್ತಾರೆ, ಅಂದಿನಿಂದ ಒಂದು ವಾರ ಅಗ್ನಿಶಾಮಕ ಸೇವಾ ಸಪ್ತಾಹ. ಆದರೆ ಏಪ್ರಿಲ್ 14 ಅಂಬೇಡ್ಕರ್ ಜಯಂತಿಯೂ ಹೌದು. ಜಿಲ್ಲಾಧಿಕಾರಿ, ಶಾಸಕರು, ನಾವು ಪತ್ರಕರ್ತರು ಎಲ್ಲರೂ ಅಲ್ಲಿರುತ್ತೇವೆ, ಇರಬೇಕಾದ್ದೇ. ಠಾಣೆಯ ಅಂಗಳದ ಆ ಎರಡು ನಿಮಿಷವನ್ನು ನೋಡಲು ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಹೀಗಾಗಿ ಊರಿನ ಮುಂದೆ ನಿಲ್ಲಲು ಉಳಿಯುವುದು ಜನವರಿ ಮತ್ತು ಆಗಸ್ಟ್‌ನ ಮೈದಾನವೇ.

ಇಷ್ಟು ಕೇಳಿದ ಮೇಲೂ ಹಿರಿಯರ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಮ್ಮದು ಬಯಲುಸೀಮೆ. ಜನವರಿಯೆಂದರೆ ಕಣ ಮುಗಿದು ಊರೂರಿನಲ್ಲಿ ಬಣವೆ ಒಟ್ಟಿರುವ ಕಾಲ. ಬೆಂಕಿಯ ಕರೆಗಳು ಏರತೊಡಗುವುದೂ ಆಗಲೇ. ಖಾಲಿ ಹುದ್ದೆಗಳ ನಡುವೆ, ಒಂದೊಂದು ತಾಲ್ಲೂಕು ಠಾಣೆಯಿಂದ ಇಬ್ಬರು ಮೂವರನ್ನು ತಂದು ತುಕಡಿ ಕಟ್ಟುತ್ತಾರೆ. ಅಷ್ಟು ದಿನ ಆ ಠಾಣೆಗಳಲ್ಲಿ ಉಳಿದವರು ಪಾಳಿಯ ಮೇಲೆ ಪಾಳಿ ದುಡಿಯುತ್ತಾರೆ. ರಾತ್ರಿಯಿಡೀ ಕರೆಗೆ ಹೋಗಿ ಬಂದವರು ಬೆಳಿಗ್ಗೆ ಆರೂವರೆಗೆ ರಿಹರ್ಸಲ್‌ಗೆ ನಿಲ್ಲುತ್ತಾರೆ.

ಹೋದ ಸಲ ಅಂತಿಮ ತಾಲೀಮಿನ ದಿನ ನಾನು ಅಲ್ಲೇ ಇದ್ದೆ. ಎರಡನೇ ಸುತ್ತಿನಲ್ಲಿ ಕರೆ ಬಂತು, ಕಬ್ಬಿನ ಗದ್ದೆಗೆ ಬೆಂಕಿ. ಸಿದ್ಧವಾಗಿದ್ದ ಗಾಡಿ ಆಗಲೇ ಇನ್ನೊಂದು ಕರೆಗೆ ಹೋಗಿತ್ತು. ತುಕಡಿಯಿಂದ ಐವರು ಸಾಲು ಬಿಟ್ಟು, ಮಿಂಚುವ ಬೂಟಿನಲ್ಲೇ ಓಡಿ ಎರಡನೆಯ ಗಾಡಿ ಹತ್ತಿದರು. ಉಳಿದವರು ಆ ಐದು ಜಾಗ ಖಾಲಿ ಬಿಟ್ಟುಕೊಂಡೇ ವೇದಿಕೆಯ ಮುಂದೆ ನಡೆದರು. ಪೊಲೀಸ್ ತುಕಡಿಯ ಕಡೆಯಿಂದ ಯಾರೋ ಚಪ್ಪಾಳೆ ತಟ್ಟಿದರು. ಮಧ್ಯಾಹ್ನ ಹೋದಾಗ ಆ ಐವರ ಬೂಟುಗಳು ಠಾಣೆಯ ಮೆಟ್ಟಿಲ ಮೇಲೆ ಕೆಸರು ಮಸಿ ಮೆತ್ತಿಕೊಂಡು ಒಣಗುತ್ತಿದ್ದವು. ಎರಡು ದಿನದ ನಂತರ ಅದೇ ಬೂಟಿನಲ್ಲಿ ಸ್ಪರ್ಧೆ. ಅವರಿಗೆ ಎರಡನೇ ಬಹುಮಾನ ಬಂತು. ಆ ಫಲಕ ಈಗ ವಾಚ್‌ರೂಮಿನಲ್ಲಿ, 101ರ ಕರೆ ತೆಗೆದುಕೊಳ್ಳುವ ಫೋನಿನ ಪಕ್ಕದಲ್ಲಿದೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಪರೇಡ್ ಬೇಡ ಎನ್ನುವುದು ಸುಲಭ. ಅದನ್ನು ತೆಗೆದರೆ ಇವರು ಊರಿಗೆ ಕಾಣುವುದು ಬೂದಿಯ ಪಕ್ಕದಲ್ಲಿ ಮಾತ್ರ. ಆದರೆ ತೋಳಿನ ಎತ್ತರಕ್ಕೆ ಅಂಕ ಕೊಡುವ ಮೈದಾನದಲ್ಲಿ ಪೈಪು ಜೋಡಿಸುವುದಕ್ಕೂ ಏಣಿ ಹತ್ತುವುದಕ್ಕೂ ಹತ್ತು ನಿಮಿಷ ಕೊಡಲಿ. ಠಾಣೆ ಠಾಣೆಗಳ ನಡುವೆ ಆ ಸ್ಪರ್ಧೆ ನಡೆದರೆ ಮಕ್ಕಳ ನೃತ್ಯದಷ್ಟೇ ಜನ ನೋಡುತ್ತಾರೆ. ಒಂದು ಗಾಡಿ ನೀರು ಎಷ್ಟು ಹೊತ್ತು ಬರುತ್ತದೆ ಎಂದು ಗ್ಯಾಲರಿಯಲ್ಲಿ ಕೂತವರು ಗಡಿಯಾರ ಹಿಡಿದು ನೋಡಿದರೆ, ನೀರು ತುಂಬಿಸಲು ಹೊರಟ ಚಾಲಕನಿಗೆ ಕಲ್ಲು ಬೀಳುವುದು ಕಡಿಮೆಯಾದೀತು. ಖಾಲಿ ಹುದ್ದೆ ತುಂಬುವುದು ಇವೆಲ್ಲಕ್ಕಿಂತ ಮೊದಲ ಕೆಲಸ. ತುಕಡಿಗೆಂದು ತಾಲ್ಲೂಕು ಠಾಣೆಯನ್ನು ಬರಿದು ಮಾಡುವ ಪರಿಸ್ಥಿತಿಯೇ ಬರಬಾರದು.

ಮುಂದಿನ ಸಲ ನಿಮ್ಮ ಜಿಲ್ಲಾ ಕ್ರೀಡಾಂಗಣಕ್ಕೆ ಹೋದಾಗ ಪಥಸಂಚಲನ ಮುಗಿದ ಮೇಲೆ ಗೇಟಿನ ಕಡೆ ಒಮ್ಮೆ ತಿರುಗಿ ನೋಡಿ. ಅಲ್ಲಿ ಒಂದು ಕೆಂಪು ಗಾಡಿ ನಿಂತಿರುತ್ತದೆ. ಅದರೊಳಗಿನ ನಾಲ್ಕೈದು ಜನ ಯಾವ ತುಕಡಿಯಲ್ಲೂ ಇರುವುದಿಲ್ಲ, ಬಹುಮಾನದ ಪಟ್ಟಿಯಲ್ಲೂ ಇರುವುದಿಲ್ಲ. ಕರೆ ಬಂದರೆ ಹೊರಡುವವರು ಅವರೇ. ನಮ್ಮ ಬ್ಯಾಚಿನ ಗೆಳೆಯರಿಗೊಂದು ಮಾತು: ಫೋಟೊ ತೆಗೆಯುವಾಗ ಅವರದೂ ಒಂದು ತೆಗೆಯಿರಿ, ಅಡಿಬರಹದಲ್ಲಿ ಹೆಸರು ಕೇಳಿ ಬರೆಯಿರಿ.